ಪಿಪಿಪಿ0 ಮೇಲೆ ಟಿಸಿಪಿಡಂಪ್: ಐಪಿ ಮಟ್ಟಿಗೆ ಭೇಷ್, ಲೈನ್ ಮಟ್ಟಿಗೆ ಕುರುಡು

ನೆಟ್‌ವರ್ಕ್ ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಬಗ್ಗೆ ಹೊಗಳಿ ಬರೆದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ಅದನ್ನು ಓಡಿಸಿರುವುದು ಈಥರ್ನೆಟ್ ಮೇಲೆ, ಇಲ್ಲವೇ ವೈಫೈ ಮೇಲೆ. ನನ್ನ ಪಾಡು ಬೇರೆ. ಸೀರಿಯಲ್ ಪೋರ್ಟಿಗೆ ಮೋಡೆಮ್ ಸಿಕ್ಕಿಸಿಕೊಂಡು ಪಿಪಿಪಿ (ಎರಡು ತುದಿಗಳ ನಡುವಿನ ನೇರ ಲೈನ್ ಮೇಲೆ ಪ್ಯಾಕೆಟ್ ಸಾಗಿಸುವ ವಿಧಾನ) ಮೂಲಕ ನೆಟ್‌ವರ್ಕ್‌ಗೆ ಬರುವ ಪುಟ್ಟ ಲಿನಕ್ಸ್ ಪೆಟ್ಟಿಗೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎಟಿ ಕಮಾಂಡ್ ಕೊಟ್ಟು, *99# ಡಯಲ್ ಮಾಡಿ, ಕನೆಕ್ಟ್ ಅಂತ ಉತ್ತರ ಬಂದ ಮೇಲೆ ಆ ಲೈನ್ ಕಟ್ಟಿ ನೋಡಿಕೊಳ್ಳುವ ಪಿಪಿಪಿಡಿ ಪ್ರೋಗ್ರಾಂ ಶುರುವಾಗುವ ಜಗತ್ತು ಇದು. ಇಲ್ಲಿ ಮ್ಯಾಕ್ ಅಡ್ರೆಸ್ ಇಲ್ಲ, ಎಆರ್‌ಪಿ ಇಲ್ಲ, ಸ್ವಿಚ್ಚೂ ಇಲ್ಲ. ಆ ತುದಿ, ಈ ತುದಿ, ಅಷ್ಟೇ.

ಪಿಪಿಪಿ0 ಅನ್ನುವ ಇಂಥ ಇಂಟರ್‌ಫೇಸ್ ಮೇಲೆ ಕಚ್ಚಾ ಪ್ಯಾಕೆಟ್ ಹಿಡಿಯುವುದಕ್ಕೆ ಟಿಸಿಪಿಡಂಪ್ ಮತ್ತು ಅದರ ಹೊಟ್ಟೆಯೊಳಗಿರುವ ಲಿಬ್‌ಪಿಕ್ಯಾಪ್ ಲೈಬ್ರರಿ ಎಷ್ಟು ನಂಬಬಹುದು ಅನ್ನುವುದು ಈ ವಿಮರ್ಶೆ. ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ. ಐಪಿ ಮತ್ತು ಅದರ ಮೇಲಿನದು ಬೇಕಾದರೆ ಕಣ್ಣು ಮುಚ್ಚಿ ನಂಬಿ. ಲೈನ್ ಮೇಲೆ ನಿಜವಾಗಿ ಏನು ಹರಿಯಿತು ಅನ್ನುವುದು ಬೇಕಾದರೆ ಇದರಿಂದ ಆಗಲ್ಲ. ಕಷ್ಟ ಏನೆಂದರೆ, ಆಗಲ್ಲ ಅಂತ ಅದು ಬಾಯಿಬಿಟ್ಟು ಹೇಳುವುದಿಲ್ಲ. ಔಟ್‌ಪುಟ್ ನೋಡಿದರೆ ಎಲ್ಲವೂ ಸಿಕ್ಕಿದ ಹಾಗೇ ಕಾಣುತ್ತದೆ.

ಸ್ವಲ್ಪ ಹಿನ್ನೆಲೆ. ಟಿಸಿಪಿಡಂಪ್ ಹುಟ್ಟಿದ್ದು 1988ರಲ್ಲಿ, ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ. ವ್ಯಾನ್ ಜೇಕಬ್ಸನ್, ಕ್ರೇಗ್ ಲೆರೆಸ್, ಸ್ಟೀವನ್ ಮೆಕ್‌ಕ್ಯಾನ್ ಬರೆದದ್ದು. ಬೇಡದ ಪ್ಯಾಕೆಟ್ಟುಗಳನ್ನು ಕರ್ನಲ್‌ನಲ್ಲೇ ಸೋಸುವ ಬಿಪಿಎಫ್ ಬಗ್ಗೆ ಮೆಕ್‌ಕ್ಯಾನ್ ಮತ್ತು ಜೇಕಬ್ಸನ್ 1993ರ ಯೂಸೆನಿಕ್ಸ್ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದರು. ಅದೇ ಜೇಕಬ್ಸನ್ 1990ರಲ್ಲಿ ನಿಧಾನದ ಸೀರಿಯಲ್ ಲೈನಿಗೋಸ್ಕರ ಟಿಸಿಪಿ ಹೆಡರ್ ಕುಗ್ಗಿಸುವ ವಿಧಾನವನ್ನೂ ಕೊಟ್ಟವರು. ಅಂದರೆ ಈ ಉಪಕರಣ ಮಾಡಿದವರಿಗೆ ಸೀರಿಯಲ್ ಲೈನ್ ಅಪರಿಚಿತವೇನಲ್ಲ. ತೊಡಕು ಇರುವುದು ಒಂದೊಂದು ಕರ್ನಲ್ ಪ್ಯಾಕೆಟ್ಟನ್ನು ಒಂದೊಂದು ಥರ ಕತ್ತರಿಸಿ ಕೈಗೆ ಕೊಡುವುದರಲ್ಲಿ.

ಓಡಿಸಿದ ಕೂಡಲೇ ಒಂದು ಸಾಲು ಬರುತ್ತದಲ್ಲ, ಯಾವ ಇಂಟರ್‌ಫೇಸ್, ಯಾವ ಲಿಂಕ್ ಟೈಪ್ (ಅಂದರೆ ಪ್ಯಾಕೆಟ್ ಮುಂದೆ ಯಾವ ಬಗೆಯ ಹೆಡರ್ ಇದೆ), ಸ್ನ್ಯಾಪ್‌ಶಾಟ್ ಉದ್ದ 262144 ಬೈಟ್ ಅಂತ? ಎಲ್ಲರೂ ಅದನ್ನು ದಾಟಿಕೊಂಡು ಹೋಗುತ್ತಾರೆ. ಪಿಪಿಪಿ ಮೇಲೆ ಕೂತಾಗ ಮೊದಲು ಓದಬೇಕಾದ್ದೇ ಅದು. ಮ್ಯಾಕ್‌ಓಎಸ್‌ನ ಪಿಪಿಪಿ0 ಮೇಲೆ ಲಿಂಕ್ ಟೈಪ್ ಪಿಪಿಪಿ ಅಂತಲೇ ಬರುತ್ತದೆ. ಪ್ರತಿ ಪ್ಯಾಕೆಟ್ ಮುಂದೆ 4 ಬೈಟ್: ಎಫ್‌ಎಫ್ 03 00 21. ಮೊದಲ ಎರಡು ವಿಳಾಸ ಮತ್ತು ಕಂಟ್ರೋಲ್, ಆಮೇಲಿನ 0021 ಅಂದರೆ ಐಪಿವಿ4. ಐಪಿವಿ6 ಆದರೆ 0057. ಫ್ರೀಬಿಎಸ್‌ಡಿಯಲ್ಲಿ ಯೂಸರ್ ಮಟ್ಟದ ಪಿಪಿಪಿ ಪ್ರೋಗ್ರಾಂ ಬಳಸಿದರೆ ಅದು ಟನ್ ಅನ್ನುವ ಕಾಲ್ಪನಿಕ ನೆಟ್‌ವರ್ಕ್ ಸಾಧನದ ಮೇಲೆ ಓಡುತ್ತದೆ. ಆಗ ಲಿಂಕ್ ಟೈಪ್ ನಲ್. ಅಲ್ಲೂ ಮುಂದೆ 4 ಬೈಟ್ ಇರುತ್ತದೆ, ಆದರೆ ಅದು ಪಿಪಿಪಿ ಹೆಡರ್ ಅಲ್ಲ, ಸಾಕೆಟ್‌ನ ಅಡ್ರೆಸ್ ಫ್ಯಾಮಿಲಿ ಸಂಖ್ಯೆ. ಅದೂ ಆ ಯಂತ್ರದ ಬೈಟ್ ಕ್ರಮದಲ್ಲಿ. ಐಪಿವಿ4ಕ್ಕೆ ಎಲ್ಲ ಕಡೆ 2. ಐಪಿವಿ6ಕ್ಕೆ ಫ್ರೀಬಿಎಸ್‌ಡಿಯಲ್ಲಿ 28, ನೆಟ್‌ಬಿಎಸ್‌ಡಿ ಮತ್ತು ಓಪನ್‌ಬಿಎಸ್‌ಡಿಯಲ್ಲಿ 24, ಮ್ಯಾಕ್‌ನಲ್ಲಿ 30. ಒಂದೇ ಅಜ್ಜನ ಮೊಮ್ಮಕ್ಕಳು, ಒಬ್ಬೊಬ್ಬರದು ಒಂದೊಂದು ಸಂಖ್ಯೆ. ಎಲ್ಲಾ ಫೈಲ್‌ಗೂ ಹೊಂದುವ ಒಂದೇ ಸ್ಕ್ರಿಪ್ಟ್ ಬರೆಯಲು ಕೂತವರಿಗೆ ಇದು ತಲೆನೋವು.

ಇನ್ನು ಲಿನಕ್ಸ್. ಇಲ್ಲಿ ಪಿಪಿಪಿ0 ಮೇಲೆ ಓಡಿಸಿದರೆ ಲಿಂಕ್ ಟೈಪ್ ಲಿನಕ್ಸ್ ಎಸ್‌ಎಲ್‌ಎಲ್ ಅಂತ ಬರುತ್ತದೆ, ಅಂದರೆ ಕುಕ್ಡ್ ಮೋಡ್: ನಿಜವಾದ ಹೆಡರ್ ಬದಲು ಲಿಬ್‌ಪಿಕ್ಯಾಪ್ ತಾನೇ ಕಟ್ಟಿದ ಹೆಡರ್. ಲಿನಕ್ಸಿನ ಪಿಪಿಪಿ ಡ್ರೈವರ್ ಒಳಬಂದ ಪ್ಯಾಕೆಟ್ಟಿನ ಪಿಪಿಪಿ ಹೆಡರನ್ನು ಕಿತ್ತು ಹಾಕಿದ ಮೇಲೆಯೇ ಅದನ್ನು ನೆಟ್‌ವರ್ಕ್ ಪದರಕ್ಕೆ ಒಪ್ಪಿಸುತ್ತದೆ. ಹೊರಹೋಗುವ ಪ್ಯಾಕೆಟ್ಟಿಗೆ ಹೆಡರ್ ಅಂಟಿಸುವುದು ಡ್ರೈವರ್ ಒಳಗೆ, ಅಂದರೆ ಕ್ಯಾಪ್ಚರ್ ನಡೆಯುವ ಜಾಗ ದಾಟಿದ ಮೇಲೆ. ಹಾಗಾಗಿ ಎರಡೂ ದಿಕ್ಕಿನಲ್ಲಿ ಕ್ಯಾಪ್ಚರ್ ಮಾಡುವ ಪ್ಯಾಕೆಟ್ ಸಾಕೆಟ್ಟಿಗೆ ಪಿಪಿಪಿ ಹೆಡರ್ ಕಾಣುವುದೇ ಇಲ್ಲ. ಲಕೋಟೆ ಹರಿದು ಬಿಸಾಕಿದ ಮೇಲೆ ಅಂಚೆ ಮುದ್ರೆ ಎಲ್ಲಿ ಅಂತ ಹುಡುಕಿದ ಹಾಗೆ.

ಲಿಬ್‌ಪಿಕ್ಯಾಪ್ ಸೋರ್ಸ್ ತೆರೆದರೆ ಈ ಬಗ್ಗೆ ಒಂದು ಉದ್ದನೆಯ ಟಿಪ್ಪಣಿ ಇದೆ. ಕೆಲವು ಪಿಪಿಪಿ ಡ್ರೈವರ್‌ಗಳು ಹೆಡರ್ ಕೊಡುವುದೇ ಇಲ್ಲ, ಕೆಲವು ಪಿಪಿಪಿ ಹೆಡರ್ ಕೊಡುತ್ತವೆ, ಐಎಸ್‌ಡಿಎನ್ ಮೇಲಿನ ಪಿಪಿಪಿಯಂತೂ ಏನು ಬೇಕಾದರೂ ಕೊಡಬಹುದು, ಅದಕ್ಕೇ ಎಲ್ಲಾ ಪಿಪಿಪಿ ಇಂಟರ್‌ಫೇಸನ್ನೂ ಕುಕ್ಡ್ ಮೋಡ್‌ನಲ್ಲೇ ಓಡಿಸುತ್ತೇವೆ ಅನ್ನುವುದು ಅದರ ಸಾರಾಂಶ. ಓದಿದಾಗ ನಗು ಬಂತು, ಜೊತೆಗೆ ಗೌರವವೂ ಬಂತು. ಊಹೆ ಮಾಡಿ ತಪ್ಪು ತೋರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಆ ಕುಕ್ಡ್ ಹೆಡರ್ 16 ಬೈಟ್. ನನ್ನ ಪೆಟ್ಟಿಗೆಯಿಂದ ಹೊರಗೆ ಹೋದ ಒಂದು ಪ್ಯಾಕೆಟ್ ಹೀಗಿರುತ್ತದೆ. ಮೊದಲು 00 04, ಅಂದರೆ ನಾವೇ ಕಳಿಸಿದ್ದು. ಒಳಬಂದದ್ದಾದರೆ 00 00. ಆಮೇಲೆ 02 00, ಅದು 512, ಲಿನಕ್ಸಿನಲ್ಲಿ ಪಿಪಿಪಿ ಸಾಧನದ ಸಂಖ್ಯೆ. ಆಮೇಲೆ 00 00, ವಿಳಾಸದ ಉದ್ದ ಸೊನ್ನೆ. ವಿಳಾಸಕ್ಕೆ ಮೀಸಲಿಟ್ಟ 8 ಬೈಟ್ ಪೂರ್ತಿ ಸೊನ್ನೆ, ಪಿಪಿಪಿಗೆ ವಿಳಾಸ ಎಲ್ಲಿಂದ ಬರಬೇಕು? ಕೊನೆಗೆ 08 00. ಈ ಕೊನೆಯ ಎರಡು ಬೈಟ್ ಗಮನಿಸಿ. ಲೈನ್ ಮೇಲೆ ಹೋಗುವುದು 0021. ಇಲ್ಲಿ ಕಾಣುವ 0800 ಈಥರ್ನೆಟ್ಟಿನ ಲೆಕ್ಕದ ಐಪಿವಿ4 ಸಂಖ್ಯೆ. ಅಂದರೆ ಈ 16 ಬೈಟ್‌ನಲ್ಲಿ ಒಂದೂ ಮೋಡೆಮ್ ಕಡೆ ಹೋಗಿಲ್ಲ, ಮೋಡೆಮ್ ಕಡೆಯಿಂದ ಬಂದೂ ಇಲ್ಲ. ಪೂರ್ತಿ ಕರ್ನಲ್ ಕೊಟ್ಟ ಮಾಹಿತಿಯಿಂದ ಕಟ್ಟಿದ್ದು. ಆದರೆ ದಿಕ್ಕು ಗೊತ್ತಾಗುತ್ತದೆ ನೋಡಿ, ಅದು ಬಿಎಸ್‌ಡಿಯ 4 ಬೈಟ್ ಹೆಡರಿನಲ್ಲಿ ಸಿಗದ ಸೌಲಭ್ಯ. ಇನ್‌ಬೌಂಡ್, ಔಟ್‌ಬೌಂಡ್ ಅಂತ ಫಿಲ್ಟರ್ ಹಾಕಿದರೆ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದು ಎಚ್ಚರಿಕೆ: ಇಂಟರ್‌ಫೇಸ್ ಹೆಸರಿನ ಬದಲು ಎನಿ ಅಂತ ಕೊಟ್ಟರೆ ಹೊಸ ಟಿಸಿಪಿಡಂಪ್ ಎರಡನೇ ಆವೃತ್ತಿಯ ಕುಕ್ಡ್ ಹೆಡರ್ ಬಳಸುತ್ತದೆ. ಅದು 20 ಬೈಟ್, ಇಂಟರ್‌ಫೇಸ್ ಸಂಖ್ಯೆಯೂ ಸೇರಿರುತ್ತದೆ. ಐಪಿ ಹೆಡರ್ 16ನೇ ಬೈಟ್‌ನಲ್ಲಿ ಶುರು ಅಂತ ಗಟ್ಟಿಯಾಗಿ ಬರೆದಿಟ್ಟ ಹಳೇ ಸ್ಕ್ರಿಪ್ಟುಗಳೆಲ್ಲ ಆಗ ಕೈಕೊಡುತ್ತವೆ.

ಈ ಉಪಕರಣದಲ್ಲಿ ನನಗೆ ತುಂಬಾ ಇಷ್ಟವಾದದ್ದು ಫಿಲ್ಟರ್ ಕೆಲಸ. ಮೈನಸ್ ಡಿ ಆಪ್ಷನ್ ಕೊಟ್ಟು ಟಿಸಿಪಿ ಅಂತ ಟೈಪ್ ಮಾಡಿದರೆ ಬಿಪಿಎಫ್ ಸೂಚನೆಗಳು ಸಾಲಾಗಿ ಬರುತ್ತವೆ. ಪಿಪಿಪಿ0 ಮೇಲೆ ಮೊದಲ ಸಾಲೇ 14ನೇ ಬೈಟ್‌ನಿಂದ ಎರಡು ಬೈಟ್ ಓದು ಅನ್ನುತ್ತದೆ. ಆದರೆ ಕರ್ನಲ್ ಕೈಯಲ್ಲಿರುವ ಪ್ಯಾಕೆಟ್ಟಿಗೆ ಆ 16 ಬೈಟ್ ಹೆಡರ್ರೇ ಇಲ್ಲವಲ್ಲ, ಅದನ್ನು ಲಿಬ್‌ಪಿಕ್ಯಾಪ್ ಆಮೇಲೆ ಜೋಡಿಸುವುದು. ಹಾಗಾದರೆ ಕರ್ನಲ್‌ನಲ್ಲಿ ಫಿಲ್ಟರ್ ಹೇಗೆ ನಡೆಯುತ್ತದೆ? ಕರ್ನಲ್‌ಗೆ ಕೊಡುವ ಮುಂಚೆ ಲಿಬ್‌ಪಿಕ್ಯಾಪ್ ಇಡೀ ಪ್ರೋಗ್ರಾಮನ್ನು ತಿದ್ದುತ್ತದೆ. 16 ಅಥವಾ ಅದಕ್ಕಿಂತ ದೊಡ್ಡ ಸ್ಥಾನ ಇದ್ದರೆ 16 ಕಳೆಯುತ್ತದೆ. 14 ಇದ್ದರೆ ಪ್ರೋಟೋಕಾಲ್ ಯಾವುದು ಅಂತ ಕರ್ನಲನ್ನೇ ಕೇಳುವ ವಿಶೇಷ ಸ್ಥಾನಕ್ಕೆ ಬದಲಿಸುತ್ತದೆ. 0 ಇದ್ದರೆ ಪ್ಯಾಕೆಟ್ ದಿಕ್ಕಿನ ವಿಶೇಷ ಸ್ಥಾನಕ್ಕೆ. ಈ ಮೂರಕ್ಕೂ ಹೊಂದದಿದ್ದರೆ ಕರ್ನಲ್ ಫಿಲ್ಟರ್ ಬೇಡ ಅಂತ ಎಲ್ಲವನ್ನೂ ಮೇಲೆ ತರಿಸಿ ತಾನೇ ಸೋಸುತ್ತದೆ. ಬಳಸುವವರಿಗೆ ಇದರ ಸುಳಿವೂ ಸಿಗಲ್ಲ. ಸಣ್ಣ ಸಿಪಿಯು ಇರುವ ಪೆಟ್ಟಿಗೆಯಲ್ಲಿ ಈ ಜಾಣತನಕ್ಕೆ ತುಂಬಾ ಬೆಲೆ ಇದೆ.

ಬಿಎಸ್‌ಡಿ ಥರದ ಪಿಪಿಪಿ ಲಿಂಕ್ ಟೈಪಿನಲ್ಲಿ ಇಷ್ಟು ನಾಜೂಕಿಲ್ಲ. ಅಲ್ಲಿ ಎಫ್‌ಎಫ್ 03 ಇದ್ದೇ ಇರುತ್ತದೆ ಅಂದುಕೊಂಡು ಫಿಲ್ಟರ್ 2ನೇ ಬೈಟ್‌ನಲ್ಲಿ ಪ್ರೋಟೋಕಾಲ್ ಹುಡುಕುತ್ತದೆ. ಆದರೆ ಆ ಎರಡು ಬೈಟ್ ಇಲ್ಲದ ಪ್ಯಾಕೆಟ್ ಇರುವ ಫೈಲ್ ಕೂಡ ಇದೇ ಲಿಂಕ್ ಟೈಪ್ ಹೊತ್ತು ಬರಬಹುದು. ಫಾರ್ಮ್ಯಾಟ್ ವಿವರಣೆಯಲ್ಲೇ ಎರಡಕ್ಕೂ ಅವಕಾಶ ಇದೆ. ಪ್ರಿಂಟ್ ಮಾಡುವಾಗ ಎರಡೂ ಸರಿಯಾಗಿ ಕಾಣುತ್ತದೆ, ಫಿಲ್ಟರ್ ಹಾಕಿದರೆ ಒಂದು ಮಾಯ. ಬೇರೆಯವರು ಕಳಿಸಿದ ಫೈಲಿಗೆ ಐಪಿ ಅಂತ ಫಿಲ್ಟರ್ ಹಾಕಿ ಏನೂ ಬರದಿದ್ದರೆ ಫೈಲ್ ಖಾಲಿ ಅಂದುಕೊಳ್ಳಬೇಡಿ. ಫಿಲ್ಟರ್ ತೆಗೆದು ಹೆಕ್ಸ್‌ನಲ್ಲಿ ನೋಡಿ.

ಇನ್ನು ದೂರಿನ ಭಾಗ.

ಲೈನ್ ಸ್ವಲ್ಪ ಹೊತ್ತಿಗೊಮ್ಮೆ ಬಿದ್ದು ಬಿದ್ದು ಏಳುತ್ತಿದೆ ಅಂತಿಟ್ಟುಕೊಳ್ಳಿ. ಪಿಪಿಪಿ0 ಮೇಲೆ ಟಿಸಿಪಿಡಂಪ್ ಹಾಕಿ ಕಾಯುತ್ತೀರಿ. ಡಿಎನ್‌ಎಸ್ ಹೋಗುತ್ತಿದೆ, ಟಿಸಿಪಿ ಬರುತ್ತಿದೆ, ಇದ್ದಕ್ಕಿದ್ದಂತೆ ಮೌನ. ಆಮೇಲೆ ಇಂಟರ್‌ಫೇಸ್ ಹೋಯಿತು ಅಂತ ಹೇಳಿ ಟಿಸಿಪಿಡಂಪ್ ಕೂಡ ನಿಂತುಹೋಗುತ್ತದೆ. ಯಾಕೆ ಬಿತ್ತು? ಒಂದಕ್ಷರ ಇಲ್ಲ. ಕಾರಣ ಇದ್ದದ್ದು ಎಲ್‌ಸಿಪಿಯಲ್ಲಿ, ಅಂದರೆ ಲೈನ್ ಕಟ್ಟಿ ಕಾಯುವ ಪಿಪಿಪಿಯ ಕಂಟ್ರೋಲ್ ಮಾತುಕತೆಯಲ್ಲಿ. ಪಿಪಿಪಿಡಿ ಆಗಾಗ ಎಲ್‌ಸಿಪಿ ಎಕೋ ಕಳಿಸುತ್ತದೆ, ಆ ಕಡೆಯಿಂದ ಕೆಲವು ಸಲ ಉತ್ತರ ಬರದಿದ್ದರೆ ಲೈನ್ ಸತ್ತಿದೆ ಅಂತ ಕೆಳಗಿಳಿಸುತ್ತದೆ. ಈ ಎಕೋ ಪ್ಯಾಕೆಟ್ಟುಗಳು ಪಿಪಿಪಿ0 ಅನ್ನು ಮುಟ್ಟುವುದೇ ಇಲ್ಲ. ಪ್ರೋಟೋಕಾಲ್ ಸಂಖ್ಯೆ ಸಿ021 ಇರುವ ಎಲ್‌ಸಿಪಿ, ಪಾಸ್‌ವರ್ಡ್ ಪರೀಕ್ಷಿಸುವ ಸಿ023ರ ಪಿಎಪಿ ಮತ್ತು ಸಿ223ರ ಚಾಪ್, ಐಪಿ ವಿಳಾಸ ಗೊತ್ತುಮಾಡುವ 8021ರ ಐಪಿಸಿಪಿ, ಇವೆಲ್ಲ ಲಿನಕ್ಸಿನಲ್ಲಿ ಪಿಪಿಪಿ ಸಾಧನ ಫೈಲ್ ಮೂಲಕ ನೇರವಾಗಿ ಪಿಪಿಪಿಡಿ ಹತ್ತಿರ ಹೋಗುತ್ತವೆ. ಇಂಟರ್‌ಫೇಸಿಗೆ ಬರುವುದು ಐಪಿ ಮಾತ್ರ. ಅದೂ ಅಲ್ಲದೆ ಲೈನ್ ಕಟ್ಟುವಾಗಿನ ಮಾತುಕತೆ ನಡೆಯುವುದು ಐಪಿ ಓಡಾಟ ಶುರುವಾಗುವ ಮುಂಚೆ. ಹೊಸಬರು ಇಲ್ಲೇ ಎಡವುವುದು. ಪಾಸ್‌ವರ್ಡ್ ತಪ್ಪಾಗಿದೆಯಾ ಅಂತ ನೋಡಲು ಪಿಪಿಪಿ0 ಮೇಲೆ ಕಣ್ಣಿಟ್ಟು ಕೂತರೆ ಏನೂ ಸಿಗಲ್ಲ.

ಇದಕ್ಕೆ ಔಷಧಿ ಪಿಪಿಪಿಡಿ ಹತ್ತಿರವೇ ಇದೆ. ಡೀಬಗ್ ಆಪ್ಷನ್ ಹಾಕಿದರೆ ಮಾತುಕತೆಯ ಪ್ರತಿ ಪ್ಯಾಕೆಟ್ಟೂ ಲಾಗ್‌ನಲ್ಲಿ ಓದುವ ಹಾಗೆ ಬೀಳುತ್ತದೆ. ಹತ್ತರಲ್ಲಿ ಒಂಬತ್ತು ಸಲ ಅಷ್ಟೇ ಸಾಕು. ಅದಕ್ಕೂ ಬಗ್ಗದಿದ್ದರೆ ರೆಕಾರ್ಡ್ ಅನ್ನುವ ಆಪ್ಷನ್. ಒಂದು ಫೈಲ್ ಹೆಸರು ಕೊಟ್ಟರೆ ಹೋದ ಬಂದ ಪ್ರತಿ ಬೈಟನ್ನೂ ಬರೆದಿಡುತ್ತದೆ. ಅದನ್ನು ಓದಲು ಜೊತೆಗೇ ಪಿಪಿಪಿಡಂಪ್ ಅನ್ನುವ ಪುಟ್ಟ ಪ್ರೋಗ್ರಾಂ ಇದೆ. ಮೈನಸ್ ಎಚ್ ಕೊಟ್ಟರೆ ಹೆಕ್ಸ್, ಮೈನಸ್ ಪಿ ಕೊಟ್ಟರೆ ಪ್ಯಾಕೆಟ್ ಪ್ಯಾಕೆಟ್ ಆಗಿ, ಅದರ ಜೊತೆ ಮೈನಸ್ ಡಿ ಸೇರಿಸಿದರೆ ಡಿಫ್ಲೇಟ್ ವಿಧಾನದಲ್ಲಿ ಕುಗ್ಗಿಸಿದ ಪ್ಯಾಕೆಟ್ಟನ್ನೂ ಬಿಡಿಸಿ ತೋರಿಸುತ್ತದೆ. ವೈರ್‌ಶಾರ್ಕ್ ಕೂಡ ಈ ಫೈಲನ್ನು ನೇರವಾಗಿ ತೆರೆಯುತ್ತದೆ, ಅದು ಬಹಳ ಜನಕ್ಕೆ ಗೊತ್ತೇ ಇಲ್ಲ. ಒಂದೇ ಕೊರತೆ, ಓಡುತ್ತಿರುವ ಲೈನಿಗೆ ಇದನ್ನು ಸುಮ್ನೆ ಸಿಕ್ಕಿಸಲು ಬರಲ್ಲ. ಲೈನ್ ಇಳಿಸಿ ಮತ್ತೆ ಏರಿಸಬೇಕು.

ಆ ಫೈಲ್ ಒಮ್ಮೆಯಾದರೂ ನಿಧಾನವಾಗಿ ಓದಿ ನೋಡಿ. ಲೈನ್ ಎದ್ದಾಗ ಹೋಗುವ ಮೊದಲ ಬೈಟುಗಳು ಹೀಗಿರುತ್ತವೆ: 7ಇ ಎಫ್‌ಎಫ್ 7ಡಿ 23 ಸಿ0 21 7ಡಿ 21 7ಡಿ 21 7ಡಿ 20 7ಡಿ 34. ಮೊದಲ 7ಇ ಫ್ರೇಮ್ ಶುರು ಅನ್ನುವ ಗುರುತು. ಎಫ್‌ಎಫ್ ವಿಳಾಸ. ಆಮೇಲೆ 03 ಬರಬೇಕಿತ್ತು, ಬಂದದ್ದು 7ಡಿ 23. ಏಕೆಂದರೆ ಮಾತುಕತೆ ಮುಗಿಯುವ ತನಕ 32ಕ್ಕಿಂತ ಚಿಕ್ಕದಾದ ಯಾವ ಬೈಟನ್ನೂ ಬರೀ ಕಳಿಸುವ ಹಾಗಿಲ್ಲ. ಮುಂದೆ 7ಡಿ ಇಟ್ಟು, ಆ ಬೈಟನ್ನು ಹೆಕ್ಸ್ 20ರ ಜೊತೆ ಎಕ್ಸ್‌ಓಆರ್ ಮಾಡಿ ಕಳಿಸಬೇಕು. ಸಿ0 21 ಎಲ್‌ಸಿಪಿ. ಮುಂದಿನ 7ಡಿ 21 ಬಿಡಿಸಿದರೆ 01, ಕಾನ್ಫಿಗರ್ ರಿಕ್ವೆಸ್ಟ್. ಮತ್ತೊಂದು 01 ಅದರ ಗುರುತಿನ ಸಂಖ್ಯೆ. ಆಮೇಲಿನದು 00 14, ಉದ್ದ 20 ಬೈಟ್. ಆ 20ರ ಲೆಕ್ಕವೂ ಕೂಡುತ್ತದೆ: ಹೆಡರ್ 4, ಯಾವ ಕಂಟ್ರೋಲ್ ಅಕ್ಷರಗಳನ್ನು ತಪ್ಪಿಸಬೇಕು ಅನ್ನುವ ಆಪ್ಷನ್ 6, ಮ್ಯಾಜಿಕ್ ಸಂಖ್ಯೆ 6, ಪ್ರೋಟೋಕಾಲ್ ಮತ್ತು ವಿಳಾಸ ಎರಡನ್ನೂ ಕುಗ್ಗಿಸೋಣವೇ ಅಂತ ಕೇಳುವ ಆಪ್ಷನ್‌ಗಳು ತಲಾ 2. ಟರ್ಮಿನಲ್‌ನಲ್ಲಿ ನೋಡಿದರೆ ಇದೇ ಆವರಣ ಚಿಹ್ನೆಗಳ ಸಾಲಾಗಿ ಕಾಣುತ್ತದೆ, ಏಕೆಂದರೆ 7ಡಿ ಅಂದರೆ ಆಸ್ಕಿಯಲ್ಲಿ ಮುಚ್ಚುವ ಹೂವಿನ ಬ್ರಾಕೆಟ್. ಮೋಡೆಮ್‌ನಿಂದ ಇಂಥ ಸಾಲು ಬಂದರೆ ಆ ಕಡೆ ಪಿಪಿಪಿ ಜೀವಂತವಾಗಿದೆ ಅಂತ ಅರ್ಥ. ಲಾಗಿನ್ ಅಂತ ಬಂದರೆ ಬೇರೆಯೇ ಕಥೆ. ಇಷ್ಟು ದೊಡ್ಡ ವ್ಯತ್ಯಾಸ ಟಿಸಿಪಿಡಂಪ್‌ನಲ್ಲಿ ಯಾವತ್ತೂ ಕಾಣಲ್ಲ.

ಪಿಪಿಪಿಡಿಯನ್ನು ಮುಟ್ಟುವ ಹಾಗಿಲ್ಲದಾಗ ನಾನು ಎರಡು ತುದಿಗಳ ನಡುವೆ ಬೈಟ್ ದಾಟಿಸುವ ಸೋಕ್ಯಾಟ್ ಪ್ರೋಗ್ರಾಮನ್ನು ನಡುವೆ ಇಡುತ್ತೇನೆ. ಒಂದು ಕಡೆ ಸುಳ್ಳು ಟರ್ಮಿನಲ್, ಇನ್ನೊಂದು ಕಡೆ ನಿಜವಾದ ಸೀರಿಯಲ್ ಪೋರ್ಟ್, ಮೈನಸ್ ಎಕ್ಸ್ ಕೊಟ್ಟರೆ ಎರಡೂ ದಿಕ್ಕಿನ ಬೈಟ್ ಹೆಕ್ಸ್‌ನಲ್ಲಿ. ಆದರೆ ಮೋಡೆಮ್‌ನ ಕ್ಯಾರಿಯರ್ ಸಿಗ್ನಲ್ ಸುಳ್ಳು ಟರ್ಮಿನಲ್ ದಾಟಿ ಬರುವುದಿಲ್ಲ. ಅದಕ್ಕೆ ಪಿಪಿಪಿಡಿಗೆ ಲೋಕಲ್ ಆಪ್ಷನ್ ಕೊಡಬೇಕು. ಯುಎಸ್‌ಬಿ ಸೀರಿಯಲ್ ಆದರೆ ಇನ್ನೂ ಸುಲಭ. ಯುಎಸ್‌ಬಿಮಾನ್ ಮಾಡ್ಯೂಲ್ ಏರಿಸಿದರೆ ಯುಎಸ್‌ಬಿ ಬಸ್ಸೇ ಒಂದು ಇಂಟರ್‌ಫೇಸ್ ಥರ ಟಿಸಿಪಿಡಂಪ್‌ಗೆ ಕಾಣುತ್ತದೆ, ಲೈನ್ ಇಳಿಸುವ ಅಗತ್ಯವೇ ಇಲ್ಲ. ಎಫ್‌ಟಿಡಿಐ ಚಿಪ್ ಇರುವ ಕೇಬಲ್ ಆದರೆ ಒಳಬರುವ ಪ್ರತಿ ಯುಎಸ್‌ಬಿ ಪ್ಯಾಕೆಟ್ಟಿನ ಮೊದಲ ಎರಡು ಬೈಟ್ ಚಿಪ್ಪಿನ ಸ್ಟೇಟಸ್, ಅದನ್ನು ಬಿಟ್ಟು ಓದಿ.

ಎರಡನೇ ದೂರು ಸಮಯದ್ದು. ಟಿಸಿಪಿಡಂಪ್ ಹೊರಹೋಗುವ ಪ್ಯಾಕೆಟ್ಟಿಗೆ ಹಾಕುವ ಸಮಯ ಅದು ಡ್ರೈವರ್ ಕೈಗೆ ಹೋದ ಕ್ಷಣದ್ದು. ಗಿಗಾಬಿಟ್ ಈಥರ್ನೆಟ್ಟಿನಲ್ಲಿ ಈ ವ್ಯತ್ಯಾಸ ಯಾರಿಗೂ ಬೇಡ. ಸೀರಿಯಲ್‌ನಲ್ಲಿ ಬೇಕು. 115200 ವೇಗದಲ್ಲಿ ಸ್ಟಾರ್ಟ್ ಬಿಟ್, ಸ್ಟಾಪ್ ಬಿಟ್ ಸೇರಿ ಬೈಟಿಗೆ 10 ಬಿಟ್, ಅಂದರೆ ಸೆಕೆಂಡಿಗೆ 11520 ಬೈಟ್. 1500 ಬೈಟಿನ ಪ್ಯಾಕೆಟ್ ಪೂರ್ತಿ ಹೊರಗೆ ಹೋಗಲು ಸುಮಾರು 130 ಮಿಲಿಸೆಕೆಂಡ್ ಬೇಕು. 9600ರಲ್ಲಿ ಒಂದೂವರೆ ಸೆಕೆಂಡಿಗಿಂತ ಜಾಸ್ತಿ. ಹಾಗಾಗಿ ಪಿಂಗ್ ಸಮಯ ಜಾಸ್ತಿ ಬಂದಾಗ ಕ್ಯಾಪ್ಚರ್ ನೋಡಿಕೊಂಡು ಆ ತುದಿಯವರೇ ನಿಧಾನ ಅಂತ ಜಗಳಕ್ಕೆ ಹೋಗಬೇಡಿ. ನಿಮ್ಮ ಪ್ಯಾಕೆಟ್ ಇನ್ನೂ ನಿಮ್ಮ ಪೋರ್ಟನ್ನೇ ಬಿಟ್ಟಿರಲಿಕ್ಕಿಲ್ಲ.

ಗಾತ್ರವೂ ಅಷ್ಟೇ. ಜೇಕಬ್ಸನ್ ಕಂಪ್ರೆಷನ್ ಒಪ್ಪಿಗೆಯಾಗಿದ್ದರೆ 40 ಬೈಟಿನ ಐಪಿ ಮತ್ತು ಟಿಸಿಪಿ ಹೆಡರ್ ಲೈನ್ ಮೇಲೆ 3ರಿಂದ 5 ಬೈಟಿಗೆ ಇಳಿಯಬಹುದು. ಪಿಪಿಪಿ0 ಮೇಲೆ ಮಾತ್ರ ಪೂರ್ತಿ 40 ಕಾಣುತ್ತದೆ, ಏಕೆಂದರೆ ಕುಗ್ಗಿಸುವ ಕೆಲಸ ಆಮೇಲೆ ನಡೆಯುವುದು. ಇನ್ನೊಂದು ಕಡೆ, ಡೇಟಾದಲ್ಲಿ 7ಇ, 7ಡಿ ಜಾಸ್ತಿ ಇದ್ದರೆ ಲೈನ್ ಮೇಲೆ ಅವು ಒಂದಕ್ಕೆ ಎರಡಾಗಿ ಹೋಗುತ್ತವೆ. ಅದೂ ಕಾಣಲ್ಲ. ಲೈನ್ ಎಷ್ಟು ತುಂಬಿದೆ ಅಂತ ಲೆಕ್ಕ ಹಾಕುವವರು ಪಿಪಿಪಿಸ್ಟ್ಯಾಟ್ಸ್ ನೋಡುವುದು ಒಳ್ಳೆಯದು. ಕುಗ್ಗಿದ ಪ್ಯಾಕೆಟ್ ಎಷ್ಟು ಅನ್ನುವುದು ಅಲ್ಲಿ ಸಿಗುತ್ತದೆ.

ತಮಾಷೆ ಏನೆಂದರೆ, ಇದಕ್ಕಿಂತ ಹಳೆಯದಾದ ಸ್ಲಿಪ್‌ನಲ್ಲಿ ಬಿಎಸ್‌ಡಿಯವರು ಈ ವಿಷಯ ಯೋಚಿಸಿದ್ದರು. 1988ರ ಆರ್‌ಎಫ್‌ಸಿ 1055ರಲ್ಲಿ ವಿವರಿಸಿದ ಆ ಸರಳ ವಿಧಾನದಲ್ಲಿ ಹೆಡರ್ರೇ ಇಲ್ಲ, ಸಿ0 ಅನ್ನುವ ಬೈಟ್ ಬಂದರೆ ಪ್ಯಾಕೆಟ್ ಮುಗಿಯಿತು ಅಂತ ಮಾತ್ರ. ಆದರೂ ಬಿಎಸ್‌ಡಿಯ ಸ್ಲಿಪ್ ಕ್ಯಾಪ್ಚರ್‌ನಲ್ಲಿ ಮುಂದೆ 16 ಬೈಟ್ ಸಿಗುತ್ತದೆ: ಒಂದು ದಿಕ್ಕಿಗೆ, ಉಳಿದ 15 ಕುಗ್ಗಿಸಿದ ಹೆಡರ್ ಹೇಗಿತ್ತು ಅನ್ನುವುದಕ್ಕೆ. ಲಿನಕ್ಸಿನಲ್ಲಿ ಅದೇ ಸ್ಲಿಪ್ ಬರೀ ಐಪಿ ಆಗಿ ಬರುತ್ತದೆ. ಸ್ಲಿಪ್ ಈಗ ಬಳಸುವವರು ಕಡಿಮೆ, ಬಿಡಿ.

ಪ್ಯಾಕೆಟ್ ಕಳಿಸುವ ಬಗ್ಗೆ ಎರಡೇ ಮಾತು. ಲಿನಕ್ಸಿನ ಕುಕ್ಡ್ ಮೋಡ್‌ನಲ್ಲಿ ಲಿಬ್‌ಪಿಕ್ಯಾಪ್ ಮೂಲಕ ಪ್ಯಾಕೆಟ್ ತುರುಕಲು ಆಗಲ್ಲ, ಬರುವುದು ಎರರ್ ಮಾತ್ರ. ಐಪಿ ಹೆಡರ್ ಸಮೇತ ಕಳಿಸಬಲ್ಲ ರಾ ಸಾಕೆಟ್ ಬಳಸಿ, ಇಲ್ಲವೇ ಪ್ರೋಟೋಕಾಲ್ ಐಪಿ ಅಂತ ಗುರುತಿಸಿ ಡೇಟಾಗ್ರಾಂ ಬಗೆಯ ಪ್ಯಾಕೆಟ್ ಸಾಕೆಟ್ ಬಳಸಿ. ನೀವೇ ಕೈಯಾರೆ ಮಾಡಿದ ಎಲ್‌ಸಿಪಿ ಪ್ಯಾಕೆಟ್ ಕಳಿಸಬೇಕು ಅಂದರೆ ಈ ದಾರಿಯಲ್ಲಿ ಸಾಧ್ಯವಿಲ್ಲ. ಡ್ರೈವರ್ ತನಗೆ ಗೊತ್ತಿರುವ ನೆಟ್‌ವರ್ಕ್ ಪ್ರೋಟೋಕಾಲ್ ಬಿಟ್ಟು ಬೇರೆಯದನ್ನು ಬಿಸಾಕುತ್ತದೆ.

ಪಿಪಿಪಿಓಇ (ಈಥರ್ನೆಟ್ ಮೇಲೆ ಪಿಪಿಪಿ) ಇರುವವರು ಪುಣ್ಯವಂತರು. ಪಿಪಿಪಿ0 ಕೆಳಗೆ ನಿಜವಾದ ಈಥರ್ನೆಟ್ ಇದೆಯಲ್ಲ, ಅದರ ಮೇಲೆ ಓಡಿಸಿದರೆ ಎಲ್‌ಸಿಪಿ, ಚಾಪ್, ಎಲ್ಲವೂ ಬೆತ್ತಲಾಗಿ ಕಾಣುತ್ತದೆ. ಈಥರ್ನೆಟ್ಟಿನ ಪ್ರೋಟೋಕಾಲ್ ಸಂಖ್ಯೆ ಶೋಧನೆಯ ಹಂತಕ್ಕೆ 8863, ಸೆಷನ್‌ಗೆ 8864. ಪಿಪಿಪಿಓಇಎಸ್ ಅನ್ನುವ ಫಿಲ್ಟರ್ ಪದ ಹಾಕಿ ಅದರ ಮುಂದೆ ಆಂಡ್ ಐಪಿ ಅಂತ ಸೇರಿಸಿದರೆ ಮುಂದಿನ ಸ್ಥಾನಗಳನ್ನೆಲ್ಲ ತಾನೇ ಸರಿಸಿಕೊಂಡು ಒಳಗಿನ ಐಪಿ ಹುಡುಕುತ್ತದೆ. ಈಥರ್ನೆಟ್ಟಿನ 1500ರಲ್ಲಿ 6 ಬೈಟ್ ಪಿಪಿಪಿಓಇ ಹೆಡರಿಗೆ, 2 ಪಿಪಿಪಿಗೆ ಹೋಗಿ 1492 ಉಳಿಯುವುದನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಇಲ್ಲೇ ನೋಡಬಹುದು.

ಲಿಬ್‌ಪಿಕ್ಯಾಪ್‌ನ ಇನ್ನೊಂದು ಉಪಯೋಗ ಹೇಳದೇ ಹೋದರೆ ಅನ್ಯಾಯ. ಪಿಪಿಪಿಡಿಗೆ ಆಕ್ಟಿವ್ ಫಿಲ್ಟರ್, ಪಾಸ್ ಫಿಲ್ಟರ್ ಅನ್ನುವ ಆಪ್ಷನ್‌ಗಳಿವೆ. ಟಿಸಿಪಿಡಂಪ್ ಭಾಷೆಯಲ್ಲೇ ಬರೆಯಬಹುದು. ಕರ್ನಲ್‌ನಲ್ಲಿ ಪಿಪಿಪಿ ಫಿಲ್ಟರ್ ಸೌಲಭ್ಯ ಇರಬೇಕು, ಅಷ್ಟೇ. ಕೆಲಸ ಇಲ್ಲದಾಗ ಲೈನ್ ತಾನಾಗಿ ಇಳಿಯಲಿ ಅಂತ ಐಡಲ್ ಸಮಯ ಇಟ್ಟಿರುತ್ತೀರಿ. ಆದರೆ ಲೈನ್ ಇಳಿಯುವುದೇ ಇಲ್ಲ. ಏಕೆಂದರೆ ಗಡಿಯಾರ ಸರಿಮಾಡುವ ಎನ್‌ಟಿಪಿ ಪ್ಯಾಕೆಟ್ ಆಗಾಗ ಹೋಗಿ ಲೈನನ್ನು ಎಚ್ಚರವಾಗಿ ಇಟ್ಟಿರುತ್ತದೆ. ಹೊರಹೋಗುವುದರಲ್ಲಿ ಯುಡಿಪಿ 123 ಬಿಟ್ಟು ಉಳಿದದ್ದನ್ನು ಮಾತ್ರ ಕೆಲಸ ಅಂತ ಲೆಕ್ಕಹಾಕು ಅಂತ ಆಕ್ಟಿವ್ ಫಿಲ್ಟರ್ ಬರೆದರೆ ಸಮಸ್ಯೆ ಮುಗಿಯಿತು. ಹೊರಗೆ ಹೋಗುವುದು ಯಾವುದು ಅಂತ ಗೊತ್ತಾಗಲು ಕರ್ನಲ್ ಈ ಫಿಲ್ಟರಿಗೋಸ್ಕರವೇ ಪಿಪಿಪಿ ಹೆಡರಿನ ಮೊದಲ ಬೈಟ್‌ನಲ್ಲಿ ವಿಳಾಸದ ಬದಲು ದಿಕ್ಕು ಬರೆಯುತ್ತದೆ: ಹೊರಗೆ 01, ಒಳಗೆ 00. ಕ್ಯಾಪ್ಚರ್‌ಗೆ ಕೊಡದ ಹೆಡರನ್ನು ಫಿಲ್ಟರಿಗೆ ಕೊಡುತ್ತದೆ ನೋಡಿ! ಇದಕ್ಕೆ ಲಿಬ್‌ಪಿಕ್ಯಾಪ್‌ನಲ್ಲಿ 166 ಅಂತ ಪ್ರತ್ಯೇಕ ಲಿಂಕ್ ಟೈಪೇ ಇದೆ.

ಅಂಕ ಕೊಡಲೇಬೇಕು ಅಂದರೆ ಐದಕ್ಕೆ ಮೂರೂವರೆ. ಫಿಲ್ಟರಿಗೆ ಪೂರ್ತಿ ಐದು ಕೊಡುತ್ತಿದ್ದೆ. ಎಲ್‌ಸಿಪಿ ಕಾಣದಿರುವುದು ಕರ್ನಲ್‌ನ ರಚನೆಯಿಂದ, ಟಿಸಿಪಿಡಂಪ್‌ನ ತಪ್ಪಲ್ಲ, ಗೊತ್ತು. ಆದರೂ ಪಿಪಿಪಿ ಇಂಟರ್‌ಫೇಸ್ ಅಂತ ಗೊತ್ತಾದ ಮೇಲೆ ಆ ಮೊದಲ ಸಾಲಿನಲ್ಲಿ ಇಲ್ಲಿ ಕಂಟ್ರೋಲ್ ಪ್ಯಾಕೆಟ್ ಸಿಗಲ್ಲ ಅಂತ ನಾಲ್ಕು ಪದ ಸೇರಿಸಿದ್ದರೆ ಎಷ್ಟು ಜನರ ಸಂಜೆ ಉಳಿಯುತ್ತಿತ್ತು!

ರೆಕಾರ್ಡ್ ಫೈಲ್ ಬಗ್ಗೆ ಒಂದು ಮಾತು ಬಾಕಿ ಇದೆ. ಪಿಪಿಪಿಡಿ ಲಾಗ್ ಬರೆಯುವಾಗ ಪಿಎಪಿ ಪಾಸ್‌ವರ್ಡನ್ನು ತಾನಾಗಿ ಮರೆಮಾಡುತ್ತದೆ. ರೆಕಾರ್ಡ್ ಫೈಲ್‌ಗೆ ಆ ಸೌಜನ್ಯ ಇಲ್ಲ. ಅದರಲ್ಲಿರುವುದು ಲೈನ್ ಮೇಲೆ ಹೋದ ಬೈಟುಗಳೇ, ಪಿಎಪಿ ಆದರೆ ಹೆಸರು, ಪಾಸ್‌ವರ್ಡ್ ಎರಡೂ ಓದುವ ಹಾಗೆ ಕೂತಿರುತ್ತವೆ. ಸಹಾಯ ಕೇಳಿ ಯಾರಿಗಾದರೂ ಕಳಿಸುವುದಿದ್ದರೆ ಡೀಬಗ್ ಲಾಗ್ ಕಳಿಸಿ. ರೆಕಾರ್ಡ್ ಫೈಲೇ ಬೇಕು ಅಂದರೆ ಮೊದಲು ಪಾಸ್‌ವರ್ಡ್ ಬದಲಿಸಿ, ಆಮೇಲೆ ಕಳಿಸಿ.